ರಾಕೆಟ್ಟಿನ ಒಡಲಲ್ಲಿ ಎಳ್ಳುಂಡೆ

ಪಂಚಮಿ ಹಬ್ಬಕ್ಕೆ ಮನೆಯಲ್ಲಿ ಎಳ್ಳುಂಡೆ ಕಟ್ಟುವುದನ್ನು ನೀವು ನೋಡಿರಬಹುದು. ಹುರಿದ ಎಳ್ಳು ಒಂದು ಕಡೆ, ಒಲೆಯ ಮೇಲೆ ಕುದಿಯುವ ಬೆಲ್ಲದ ಪಾಕ ಇನ್ನೊಂದು ಕಡೆ. ಪಾಕದ ಒಂದು ತೊಟ್ಟನ್ನು ನೀರಿನ ಬಟ್ಟಲಿಗೆ ಬಿಟ್ಟು ಬೆರಳಿನಿಂದ ಕೂಡಿಸಿ ನೋಡುತ್ತಾರೆ. ಕರಗಿ ಹೋದರೆ ಪಾಕ ಇನ್ನೂ ಎಳೆಯದು. ಅದರಲ್ಲಿ ಕಟ್ಟಿದ ಉಂಡೆ ಸಂಜೆಯೊಳಗೆ ಡಬ್ಬಿಯ ತಳದಲ್ಲಿ ಚಪ್ಪಟೆಯಾಗಿ ಕೂತಿರುತ್ತದೆ. ಕಲ್ಲಿನಂತಾದರೆ ಪಾಕ ಹದ ಮೀರಿದೆ. ಉಂಡೆ ಕೈಜಾರಿ ಬಿದ್ದರೆ ಎರಡು ಹೋಳು. ಇವೆರಡರ ನಡುವಿನ ಸಣ್ಣ ಜಾಗದಲ್ಲಿ ಒಳ್ಳೆಯ ಉಂಡೆಯ ಹದವಿದೆ.

ಶ್ರೀಹರಿಕೋಟದಲ್ಲಿ ರಾಕೆಟ್‌ಗಳಿಗೆ ಘನ ಇಂಧನ ತಯಾರಿಸುವವರ ಚಿಂತೆಯೂ ಇದೇ ಹದದ ಚಿಂತೆ ಎಂದರೆ ನೀವು ನಗಬಹುದು. ಆದರೆ ಇದು ಹುಡುಗಾಟದ ಮಾತಲ್ಲ. ಅಲ್ಲಿನ ಉಂಡೆ ನೂರಾರು ಟನ್ ತೂಗುತ್ತದೆ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತು ಏರಿದ ಎಲ್‌ವಿಎಂ3 ರಾಕೆಟ್ಟಿನ ಎರಡು ಪಕ್ಕಗಳಲ್ಲಿ ದಪ್ಪನೆಯ ಎರಡು ಕಂಬಗಳನ್ನು ಟಿವಿಯಲ್ಲಿ ನೋಡಿದ್ದೀರಲ್ಲ? ಒಂದೊಂದರ ವ್ಯಾಸ 3.2 ಮೀಟರ್. ಒಂದೊಂದರ ಒಳಗೂ 200 ಟನ್‌ಗೂ ಹೆಚ್ಚು ಘನ ಇಂಧನ. ಗಗನಯಾನ ಯೋಜನೆಯಲ್ಲಿ ನಮ್ಮ ಗಗನಯಾತ್ರಿಗಳು ಏರಬೇಕಾಗಿರುವುದೂ ಇಂಥ ಎರಡು ಕಂಬಗಳ ಬಲದ ಮೇಲೆಯೇ. ದ್ರವ ಇಂಧನದ ಎಂಜಿನ್ನನ್ನು ನಲ್ಲಿ ತಿರುಗಿಸಿದಂತೆ ನಿಲ್ಲಿಸಲು ಬರುತ್ತದೆ. ಘನ ಇಂಧನ ಹಾಗಲ್ಲ. ಒಮ್ಮೆ ಬೆಂಕಿ ತಾಗಿದರೆ ಅದು ಉರಿದೇ ತೀರಬೇಕು. ಆದ್ದರಿಂದ ಅದನ್ನು ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತದೆ, ಯಾವಾಗ ಸೀಳುತ್ತದೆ, ಸೀಳುವ ಮುನ್ನ ಒಳಗೆ ಏನು ನಡೆಯುತ್ತದೆ ಎಂಬುದನ್ನೆಲ್ಲ ನೆಲದ ಮೇಲಿರುವಾಗಲೇ ತಿಳಿದುಕೊಂಡಿರಬೇಕು.

ಮೊದಲು ಈ ಇಂಧನ ಎಂದರೆ ಏನೆಂದು ನೋಡೋಣ. ಪಟಾಕಿಯ ಮದ್ದಿನಂಥ ಪುಡಿ ಎಂದು ಬಹಳ ಮಕ್ಕಳು ತಿಳಿದಿರುತ್ತಾರೆ. ಅಲ್ಲ. ಇಂದಿನ ದೊಡ್ಡ ರಾಕೆಟ್ಟುಗಳ ಘನ ಇಂಧನ ಪೆನ್ಸಿಲ್ ಗುರುತು ಅಳಿಸುವ ರಬ್ಬರಿನಂಥ ವಸ್ತು. ಹೆಬ್ಬೆರಳಿನಿಂದ ಒತ್ತಿದರೆ ತುಸು ತಗ್ಗಿ, ಬಿಟ್ಟರೆ ಮೆಲ್ಲಗೆ ಮೇಲೇಳುತ್ತದೆ. ಅದರ ಬಹುಭಾಗ ಅಮೋನಿಯಂ ಪರ್‌ಕ್ಲೋರೇಟ್ ಎಂಬ, ಅಡುಗೆ ಉಪ್ಪಿನಂತೆ ಕಾಣುವ ಬಿಳಿ ಹರಳು. ಉರಿಯಲು ಬೇಕಾದ ಆಮ್ಲಜನಕವನ್ನು ಕೊಡುವುದು ಇದು. ಜೊತೆಗೆ ಉರಿಯ ಬಿಸಿ ಹೆಚ್ಚಿಸಲು ಅಲ್ಯುಮಿನಿಯಂ ಪುಡಿ. ಇವೆರಡನ್ನೂ ಹಿಡಿದಿಡುವ ಪಾಕವೆಂದರೆ ಎಚ್‌ಟಿಪಿಬಿ ಎಂಬ ಪಾಲಿಮರ್. ಹೆಸರಿನ ಉದ್ದಕ್ಕೆ ಹೆದರಬೇಡಿ. ಹೈಡ್ರಾಕ್ಸಿಲ್ ಟರ್ಮಿನೇಟೆಡ್ ಪಾಲಿಬ್ಯುಟಡೈಯೀನ್ ಎಂಬುದರ ಹ್ರಸ್ವ ರೂಪ ಅದು. ಮೊದಲು ಜೇನಿನಂತೆ ಮಂದವಾದ ದ್ರವ. ಹರಳು ಮತ್ತು ಪುಡಿಯನ್ನು ಇದರಲ್ಲಿ ಕಲಸಿ, ಹೆಪ್ಪು ಹಾಕಿದಂತೆ ಇನ್ನೊಂದು ರಾಸಾಯನಿಕ ಬೆರೆಸಿ, ಗಾಳಿ ತೆಗೆದ ರಾಕೆಟ್ ಕವಚದೊಳಗೆ ಸುರಿದು ಕೆಲವು ದಿನ ಬೆಚ್ಚಗಿಡುತ್ತಾರೆ. ದ್ರವದ ಉದ್ದುದ್ದ ಅಣುಸರಪಳಿಗಳು ಒಂದಕ್ಕೊಂದು ಗಂಟು ಹಾಕಿಕೊಂಡು ರಬ್ಬರಾಗುತ್ತವೆ. ಈ ರಬ್ಬರು ಅಂಟೂ ಹೌದು, ಉರಿಯುವ ಇಂಧನವೂ ಹೌದು. ಇದೆಲ್ಲ ದೂರದಿಂದಲೇ ಯಂತ್ರಗಳನ್ನು ನಡೆಸಿ, ಬಹಳ ಎಚ್ಚರಿಕೆಯಿಂದ ಮಾಡುವ ಕೆಲಸ. ಮನೆಯಲ್ಲಿ ಎಳ್ಳುಂಡೆಯನ್ನಷ್ಟೇ ಕಟ್ಟಿ!

ಈಗ ಒಂದು ಸಣ್ಣ ಲೆಕ್ಕ. ನೂರು ಗ್ರಾಂ ಇಂಧನದಲ್ಲಿ ಸುಮಾರು 68 ಗ್ರಾಂ ಹರಳು, 18 ಗ್ರಾಂ ಅಲ್ಯುಮಿನಿಯಂ, 14 ಗ್ರಾಂ ರಬ್ಬರು ಎನ್ನಿ. ರಬ್ಬರು ಹಗುರವಾದ್ದರಿಂದ ತೂಕದಲ್ಲಿ 14 ಪಾಲಾದರೂ ಗಾತ್ರದಲ್ಲಿ ಸುಮಾರು 27 ಪಾಲಿರುತ್ತದೆ. ಉಳಿದ 73 ಪಾಲು ಗಟ್ಟಿ ಕಣಗಳು. ಈ ಇಂಧನದೊಳಗೆ ನೂರು ಮಿಲಿಮೀಟರ್ ಉದ್ದದ ಒಂದು ಗೆರೆ ಎಳೆದೆವೆಂದು ಊಹಿಸಿಕೊಳ್ಳಿ. ಗೆರೆಯ 73 ಮಿಲಿಮೀಟರ್ ಕಣಗಳ ಮೂಲಕವೂ 27 ಮಿಲಿಮೀಟರ್ ರಬ್ಬರಿನ ಮೂಲಕವೂ ಹಾಯುತ್ತದೆ. ಇಡೀ ತುಂಡನ್ನು 10 ಮಿಲಿಮೀಟರ್ ಎಳೆಯೋಣ. ಕಣಗಳು ಹಿಗ್ಗುವುದಿಲ್ಲ. ಹತ್ತು ಮಿಲಿಮೀಟರನ್ನೂ ಆ 27 ಮಿಲಿಮೀಟರ್ ರಬ್ಬರೇ ಭರಿಸಬೇಕು. ಅಂದರೆ ಹೊರಗೆ ನೂರಕ್ಕೆ ಹತ್ತರಷ್ಟು ಎಳೆತ ಕಂಡರೆ, ಒಳಗಿನ ರಬ್ಬರು ನೂರಕ್ಕೆ 37ರಷ್ಟು ಹಿಗ್ಗಿದೆ. ಎರಡು ಕಣಗಳು ಹೆಚ್ಚುಕಡಿಮೆ ತಾಗಿಕೊಂಡಿರುವ ಜಾಗದಲ್ಲಿ ನಡುವಿನ ತೆಳುಪದರದ ಪಾಡು ಇನ್ನೂ ಕಷ್ಟ. ಮನೆಯಲ್ಲಿ ಹತ್ತು ಜನ ಉಂಡು, ದುಡಿಯುವವರು ಮೂವರೇ ಆದರೆ ಹೇಗೋ ಹಾಗೆ. ಈ ಲೆಕ್ಕ ನೆನಪಿನಲ್ಲಿರಲಿ. ಮುಂದಿನದೆಲ್ಲ ಇದರಿಂದಲೇ ಬರುತ್ತದೆ.

ಇಷ್ಟಕ್ಕೂ ಒಂದು ಬಿರುಕು ಬಿಟ್ಟರೆ ಏನಂತೆ? ಹೇಗಿದ್ದರೂ ಸುಟ್ಟುಹೋಗುವ ಇಂಧನವಲ್ಲವೆ? ಇಲ್ಲೇ ಇರುವುದು ಅಪಾಯ. ಘನ ಇಂಧನ ಉರಿಯುವುದು ಅದರ ಮೇಲ್ಮೈಯಲ್ಲಿ ಮಾತ್ರ. ಇಂಧನದ ನಡುವೆ ಉದ್ದಕ್ಕೂ ಒಂದು ರಂಧ್ರ ಬಿಟ್ಟಿರುತ್ತಾರೆ. ಅದರ ಒಳಗೋಡೆಯಿಂದ ಉರಿ ಶುರುವಾಗಿ ಹೊರಗಿನ ಕವಚದ ಕಡೆಗೆ ಸಾಗುತ್ತದೆ. ಪ್ರತಿ ಕ್ಷಣ ಎಷ್ಟು ಮೇಲ್ಮೈ ಉರಿಯಬೇಕು, ಎಷ್ಟು ಅನಿಲ ಹುಟ್ಟಬೇಕು, ಒಳಗಿನ ಒತ್ತಡ ಎಷ್ಟಿರಬೇಕು ಎಂದು ಮೊದಲೇ ಲೆಕ್ಕ ಹಾಕಿ ರಂಧ್ರಕ್ಕೆ ಆಕಾರ ಕೊಡುತ್ತಾರೆ. ಕೆಲವು ಕಡೆ ಅದು ನಕ್ಷತ್ರದ ಆಕಾರದಲ್ಲಿರುತ್ತದೆ. ಬಿರುಕು ಬಿಟ್ಟರೆ ಅದರ ಎರಡು ದಂಡೆಗಳೂ ಲೆಕ್ಕದಲ್ಲಿಲ್ಲದ ಹೊಸ ಮೇಲ್ಮೈ. ಉರಿ ಅದರೊಳಗೂ ನುಗ್ಗುತ್ತದೆ. ಅನಿಲ ಹೆಚ್ಚಿದರೆ ಒತ್ತಡ ಹೆಚ್ಚುತ್ತದೆ, ಒತ್ತಡ ಹೆಚ್ಚಿದರೆ ಉರಿಯುವ ವೇಗವೂ ಹೆಚ್ಚುತ್ತದೆ. ಸಾಮಾನ್ಯ ಇಂಧನವೊಂದರಲ್ಲಿ ಉರಿಯುವ ಮೇಲ್ಮೈ ಐದರಲ್ಲಿ ಒಂದು ಪಾಲು ಹೆಚ್ಚಿದರೆ ಒತ್ತಡ ಸುಮಾರು ಮೂರರಲ್ಲಿ ಒಂದು ಪಾಲು ಏರುತ್ತದೆ. ಬಿರುಕು ಕವಚದವರೆಗೆ ಹೋಗಿದ್ದರಂತೂ ಬೆಂಕಿ ಕವಚವನ್ನೇ ಮುಟ್ಟುತ್ತದೆ.

ಈ ಪಾಠವನ್ನು ರಾಕೆಟ್ ಮಾಡುವವರು ಪುಸ್ತಕದಿಂದ ಕಲಿಯಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರು ರಾಕೆಟ್ಟುಗಳಲ್ಲಿ ಕಬ್ಬಿಣದ ಕೊಳವೆಯೊಳಗೆ ಕರಿಮದ್ದನ್ನು ಗಿಡಿದು ತುಂಬುತ್ತಿದ್ದರು. 1941ರಲ್ಲಿ ಅಮೆರಿಕದ ಪಸಡೇನ ಊರಿನ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಥಿಯೊಡೋರ್ ಫಾನ್ ಕಾರ್ಮನ್ನರ ಶಿಷ್ಯ ಫ್ರ್ಯಾಂಕ್ ಮಲೀನ ಮತ್ತು ಕಾಲೇಜು ಪದವಿಯಿಲ್ಲದ ರಸಾಯನ ಪ್ರವೀಣ ಜಾನ್ ಪಾರ್ಸನ್ಸ್ ಮಾಡಿದ ಮೊದಲ ರಾಕೆಟ್ಟುಗಳೂ ಹೆಚ್ಚು ಬೇರೆಯಾಗಿರಲಿಲ್ಲ. ಕರಿಮದ್ದಿನ ಜಾತಿಯ ಪುಡಿಯನ್ನೇ ಪದರ ಪದರವಾಗಿ ಒತ್ತಿ ತುಂಬಿದ್ದರು. ಆ ವರ್ಷದ ಆಗಸ್ಟ್‌ನಲ್ಲಿ ಅವನ್ನು ಎರ್ಕೂಪ್ ಎಂಬ ಪುಟ್ಟ ವಿಮಾನದ ರೆಕ್ಕೆಯ ಕೆಳಗೆ ಕಟ್ಟಿ, ಹೋಮರ್ ಬುಶೀ ಎಂಬ ಸೇನಾ ವೈಮಾನಿಕ ಹಾರಿಯೂ ತೋರಿಸಿದ. ಆದರೆ ಒಂದು ತೊಡಕಿತ್ತು. ಹೊಸದಾಗಿ ತುಂಬಿದ ರಾಕೆಟ್ ಸರಿಯಾಗಿ ಉರಿಯುತ್ತಿತ್ತು. ಕೆಲವು ದಿನ ಇಟ್ಟದ್ದು ಸಿಡಿಯುತ್ತಿತ್ತು. ಹಗಲಿನ ಬಿಸಿಲು, ಇರುಳಿನ ಚಳಿಗೆ ಒಳಗಿನ ಗಟ್ಟಿ ಪುಡಿ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತಿತ್ತು, ಕವಚದ ಗೋಡೆಯನ್ನೂ ಬಿಡುತ್ತಿತ್ತು. ಯುದ್ಧದ ಹಡಗಿನಲ್ಲಿ ತಿಂಗಳುಗಟ್ಟಲೆ ಇಡಬೇಕಾದ ಸಾಮಾನು ಹೀಗಾದರೆ ಯಾರಿಗೆ ಬೇಕು?

1942ರಲ್ಲಿ ಪಾರ್ಸನ್ಸ್‌ಗೆ ಒಂದು ಉಪಾಯ ಹೊಳೆಯಿತು: ರಸ್ತೆಗೆ ಹಾಕುವ ಡಾಂಬರು. ಅದನ್ನು ಕರಗಿಸಿ, ಆಮ್ಲಜನಕ ಕೊಡುವ ಪೊಟ್ಯಾಸಿಯಂ ಪರ್‌ಕ್ಲೋರೇಟ್ ಬೆರೆಸಿ ಎರಕ ಹೊಯ್ದ. ಪುಡಿ ಹೋಗಿ ಪಾಕ ಬಂತು. ಇದು ದೊಡ್ಡ ಹೆಜ್ಜೆಯೇ. ಆದರೆ ಡಾಂಬರಿನ ಗುಣ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಚಪ್ಪಲಿಗೆ ಅಂಟುತ್ತದೆ, ಚಳಿಯಲ್ಲಿ ಸೆಟೆದು ಬಿರಿಯುತ್ತದೆ. ಎಳೆಪಾಕದ ದೋಷ, ಗಟ್ಟಿಪಾಕದ ದೋಷ ಎರಡೂ ಅದರಲ್ಲಿದ್ದವು. ಮುಂದೆ ಅದೇ ಊರಿನ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ ಚಾರ್ಲ್ಸ್ ಬಾರ್ಟ್ಲಿ ಡಾಂಬರಿನ ಜಾಗಕ್ಕೆ ಪಾಲಿಸಲ್ಫೈಡ್ ಎಂಬ ಕೃತಕ ರಬ್ಬರನ್ನು ತಂದರು. 1940ರ ದಶಕ ಮುಗಿಯುವ ಹೊತ್ತಿಗೆ ದಾರಿ ಸ್ಪಷ್ಟವಾಗಿತ್ತು: ಇಂಧನ ಎಳೆದರೆ ಹಿಗ್ಗಬೇಕು, ಬಿಟ್ಟರೆ ಮರಳಬೇಕು, ಕವಚದ ಗೋಡೆಗೆ ಅಂಟಿಕೊಂಡೇ ಇರಬೇಕು. ಇಂದಿನ ಎಚ್‌ಟಿಪಿಬಿ ಆ ವಂಶದ ಮೊಮ್ಮಗ.

ಕವಚದೊಳಗೆ ಸುಮ್ಮನೆ ಕೂತ ಇಂಧನವನ್ನು ಎಳೆಯುವವರು ಯಾರು ಎಂದು ನೀವು ಕೇಳಬಹುದು. ಮೊದಲನೆಯದು ಉಷ್ಣತೆ. ಇಂಧನ ರಬ್ಬರಾಗುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಆಮೇಲೆ 30 ಡಿಗ್ರಿಗೆ ತಣಿಯುತ್ತದೆ ಎನ್ನೋಣ. ಒಂದು ಮೀಟರ್ ಉದ್ದದ ಇಂಧನ ಅಷ್ಟಕ್ಕೆ ಸುಮಾರು 3 ಮಿಲಿಮೀಟರ್ ಕುಗ್ಗಲು ನೋಡುತ್ತದೆ. ಅದೇ ಒಂದು ಮೀಟರ್ ಉಕ್ಕು ಮಿಲಿಮೀಟರಿನ ಮೂರನೆಯ ಒಂದು ಭಾಗ ಮಾತ್ರ ಕುಗ್ಗುತ್ತದೆ. ಇಂಧನ ಕವಚಕ್ಕೆ ಅಂಟಿದೆ. ಕುಗ್ಗಬೇಕು, ಆದರೆ ಗೋಡೆ ಬಿಡದು. ಆಗ ಏನಾಗುತ್ತದೆ? ನಡುವಿನ ರಂಧ್ರ ಅಗಲವಾಗುತ್ತದೆ, ಅದರ ಅಂಚು ಎಳೆತಕ್ಕೆ ಸಿಗುತ್ತದೆ. ಹೊರಗಿನ ಸಣ್ಣ ಕೊರತೆ ರಂಧ್ರದ ಅಂಚಿನಲ್ಲಿ ಹಲವು ಪಟ್ಟು ಹಿಗ್ಗುವಿಕೆಯಾಗಿ ಕಾಣಿಸಿಕೊಳ್ಳುತ್ತದೆ. ನಕ್ಷತ್ರದ ಮೂಲೆಗಳಲ್ಲಿ ಇನ್ನೂ ಹೆಚ್ಚು. ಹಿಮದ ನಾಡಿನಲ್ಲಿ ಇಡಬೇಕಾದ ಸೇನೆಯ ರಾಕೆಟ್ಟಾದರೆ ತಣಿಯುವುದು 30 ಡಿಗ್ರಿಯಷ್ಟಲ್ಲ, ಅದರ ಮೂರು ಪಟ್ಟು. ಎರಡನೆಯದು ಇಂಧನದ ಸ್ವಂತ ಭಾರ. ತಿಂಗಳುಗಟ್ಟಲೆ ನಿಂತಲ್ಲಿ ನಿಂತರೆ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗೆ ಜಗ್ಗುತ್ತದೆ. ಮೂರನೆಯದು ಕಿಡಿ ಹೊತ್ತಿಸಿದ ಕ್ಷಣ. ಒಂದು ಸೆಕೆಂಡಿನೊಳಗೆ ಒತ್ತಡ ವಾತಾವರಣದ ಒತ್ತಡದ ಹತ್ತಾರು ಪಟ್ಟು ಏರಿ, ಕವಚ ತುಸು ಉಬ್ಬಿ, ಇಂಧನವೂ ಜೊತೆಯಲ್ಲೇ ಹಿಗ್ಗಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಧನದ ಒಂದು ತುಣುಕನ್ನು ಎರಡು ತುದಿ ಅಗಲ, ನಡು ಸಪೂರ ಬರುವಂತೆ, ಹೆಚ್ಚುಕಡಿಮೆ ಡಮರುಗದ ಹಾಗೆ ಕತ್ತರಿಸಿ ಯಂತ್ರಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾರೆ. ಎಷ್ಟು ಎಳೆದರು, ಎಷ್ಟು ಹಿಗ್ಗಿತು ಎಂಬುದರ ಗ್ರಾಫ್ ಬರೆಯುತ್ತಾರೆ. ಪಿಯುಸಿ ವಿದ್ಯಾರ್ಥಿಗಳಿಗೆ ಪರಿಚಯವಿರುವ ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಅದು. ಮೊದಲಿಗೆ ಗೆರೆ ನೇರ. ನೂರಕ್ಕೆ ಕೆಲವು ಪಾಲಿನ ಎಳೆತದವರೆಗೆ ಕಣಗಳ ನಡುವಿನ ರಬ್ಬರು ತಾನೇ ಹಿಗ್ಗಿ ಎಲ್ಲವನ್ನೂ ತಾಳಿಕೊಳ್ಳುತ್ತದೆ. ಆಮೇಲೆ ಗೆರೆ ಬಾಗತೊಡಗುತ್ತದೆ. ತುಣುಕು ಹೊರಗಿನಿಂದ ನೋಡಲು ಹಾಗೆಯೇ ಇದೆ. ಬಿರುಕಿಲ್ಲ, ಗೀರಿಲ್ಲ. ಆದರೆ ಮೊದಲಿನಷ್ಟು ಬಲ ಹಾಕದೆಯೇ ಹೆಚ್ಚು ಹಿಗ್ಗುತ್ತಿದೆ. ಒಳಗೆ ಏನೋ ಸಡಿಲವಾಗಿದೆ.

ಸಡಿಲವಾದದ್ದು ಅಂಟು. ಎಳೆತ ಹೆಚ್ಚಾದಾಗ ರಬ್ಬರು ಹರಳಿನ ಮೈಯನ್ನು ಬಿಟ್ಟುಕೊಡುತ್ತದೆ. ಒದ್ದೆಯಾಗಿ ಹತ್ತಿಕೊಂಡಿದ್ದದ್ದು ಬಿಟ್ಟಿತು ಎಂಬ ಅರ್ಥದಲ್ಲಿ ಎಂಜಿನಿಯರುಗಳು ಇದನ್ನು ಡೀವೆಟ್ಟಿಂಗ್ ಎನ್ನುತ್ತಾರೆ. ಹರಳಿನ ಎರಡು ಕೊನೆಗಳಲ್ಲಿ, ಎಳೆತದ ದಿಕ್ಕಿನಲ್ಲಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಪೊಳ್ಳುಗಳು ಹುಟ್ಟುತ್ತವೆ. ಅಮೆರಿಕದ ಏಕ್ರನ್ ಊರಿನ ವಿಶ್ವವಿದ್ಯಾಲಯದಲ್ಲಿ ಅಲನ್ ಜೆಂಟ್ ಮತ್ತು ಪಾರ್ಕ್ ಎಂಬಿಬ್ಬರು ಪಾರದರ್ಶಕ ರಬ್ಬರಿನೊಳಗೆ ಪುಟ್ಟ ಗಾಜಿನ ಗೋಲಿಯಂಥ ಗಟ್ಟಿ ಉಂಡೆಯನ್ನು ಹುದುಗಿಸಿ ಎಳೆದು ನೋಡಿ, 1984ರಲ್ಲಿ ಅದರ ವಿವರ ಪ್ರಕಟಿಸಿದರು. ಗೋಲಿಯ ಎರಡು ಧ್ರುವಗಳ ಬಳಿಯೇ ಮೊದಲು ಪೊಳ್ಳು ಮೂಡುತ್ತಿತ್ತು. ಗೋಲಿ ದೊಡ್ಡದಾದಷ್ಟೂ ರಬ್ಬರು ಅದರ ಮೈಯನ್ನು ಬೇಗ ಬಿಡುತ್ತದೆ. ಇಂಧನದಲ್ಲೂ ದಪ್ಪ ಹರಳುಗಳೇ ಮೊದಲು ಕೈಬಿಡುತ್ತವೆ, ಸಣ್ಣವು ಕೊನೆಯವರೆಗೆ ಹಿಡಿದುಕೊಂಡಿರುತ್ತವೆ.

ಕಣ್ಣಿಗೆ ಕಾಣದ ಈ ಪೊಳ್ಳುಗಳು ಹುಟ್ಟಿವೆ ಎಂದು ಹೊರಗೆ ಗೊತ್ತಾಗುವುದು ಹೇಗೆ? ಇದಕ್ಕೊಂದು ಸೊಗಸಾದ ಉಪಾಯವಿದೆ. ರಬ್ಬರ್ ಬ್ಯಾಂಡನ್ನು ಎಳೆದು ನೋಡಿ. ಉದ್ದವಾದಷ್ಟೂ ಸಪೂರವಾಗುತ್ತದೆ, ಒಟ್ಟು ಗಾತ್ರ ಬದಲಾಗುವುದಿಲ್ಲ. ಇಂಧನವೂ ಮೊದಲಿಗೆ ಹಾಗೆಯೇ. ಒಳಗೆ ಪೊಳ್ಳು ಹುಟ್ಟಿದ ಕ್ಷಣದಿಂದ ಮಾತ್ರ ಅದು ಉದ್ದವಾದಷ್ಟು ಸಪೂರವಾಗುವುದಿಲ್ಲ, ಗಾತ್ರವೇ ಹೆಚ್ಚುತ್ತದೆ. ಆದ್ದರಿಂದ ತುಣುಕನ್ನು ಮುಚ್ಚಿದ ಪೆಟ್ಟಿಗೆಯೊಳಗಿಟ್ಟು ಎಳೆಯುತ್ತಾರೆ. ತುಣುಕು ಉಬ್ಬಿದರೆ ಪೆಟ್ಟಿಗೆಯಲ್ಲಿನ ಅನಿಲಕ್ಕೆ ಜಾಗ ಕಡಿಮೆಯಾಗಿ ಒತ್ತಡ ತುಸು ಏರುತ್ತದೆ. ಆ ಏರಿಕೆಯನ್ನು ಅಳೆದರೆ ಒಳಗೆ ಎಷ್ಟು ಪೊಳ್ಳು ಹುಟ್ಟಿದೆ ಎಂಬ ಲೆಕ್ಕ ಸಿಗುತ್ತದೆ. ತೊಟ್ಟಿಯಲ್ಲಿ ಮುಳುಗಿ ಕಿರೀಟದ ಗಾತ್ರ ಕಂಡುಕೊಂಡ ಆರ್ಕಿಮಿಡೀಸನ ಕತೆಯ ಹತ್ತಿರದ ಬಂಧು ಇದು. ಗ್ರಾಫಿನ ಗೆರೆ ಬಾಗುವುದೂ ಗಾತ್ರ ಏರುವುದೂ ಜೊತೆಜೊತೆಯಲ್ಲೇ ಆಗುವುದನ್ನು ನೋಡಿದಾಗ ಸಂದೇಹಕ್ಕೆ ಎಡೆಯಿಲ್ಲ.

ಎಳೆತ ಮುಂದುವರಿದರೆ ಪೊಳ್ಳುಗಳು ದೊಡ್ಡವಾಗುತ್ತವೆ, ಪಕ್ಕದ ಹರಳುಗಳೂ ಅಂಟು ಬಿಡುತ್ತವೆ. ಒಂದು ಪೊಳ್ಳಿಗೂ ಇನ್ನೊಂದಕ್ಕೂ ನಡುವೆ ರಬ್ಬರಿನ ಸಣ್ಣ ಎಳೆಗಳು ಮಾತ್ರ ಉಳಿಯುತ್ತವೆ. ಅವು ಒಂದೊಂದಾಗಿ ಹರಿದಾಗ ಪೊಳ್ಳುಗಳು ಕೂಡಿಕೊಂಡು ಬಿರುಕಾಗುತ್ತವೆ. ಒಳ್ಳೆಯ ಎಚ್‌ಟಿಪಿಬಿ ಇಂಧನ ಕೋಣೆಯ ಉಷ್ಣತೆಯಲ್ಲಿ ನೂರಕ್ಕೆ 30ರಿಂದ 50ರಷ್ಟು ಹಿಗ್ಗಿದ ಮೇಲೆ ಹರಿಯುತ್ತದೆ. ಅಂದರೆ ಕೇಡು ಶುರುವಾದದ್ದಕ್ಕೂ ಕಣ್ಣಿಗೆ ಬಿರುಕು ಕಂಡದ್ದಕ್ಕೂ ನಡುವೆ ಬಹಳ ದೂರವಿದೆ. ಗಾಜಿಗೆ, ಸೀಮೆಸುಣ್ಣಕ್ಕೆ ಈ ನಡುವಿನ ದಾರಿಯೇ ಇಲ್ಲ. ಇದ್ದಕ್ಕಿದ್ದಂತೆ ಎರಡು ತುಂಡು. ರಬ್ಬರಿನ ಇಂಧನ ಮೊದಲೇ ಸೂಚನೆ ಕೊಡುತ್ತದೆ. ಕೇಳಿಸಿಕೊಳ್ಳುವ ಉಪಕರಣ ನಮ್ಮಲ್ಲಿರಬೇಕು, ಅಷ್ಟೆ.

ಒಮ್ಮೆ ಹೀಗೆ ಎಳೆದು ಬಿಟ್ಟ ತುಣುಕು ಮೊದಲಿನಂತೆ ಕಂಡರೂ ಮೊದಲಿನದಲ್ಲ ಎಂಬುದನ್ನೂ ಗಮನಿಸಿ. ಹೊಸ ಬಲೂನನ್ನು ಮೊದಲ ಸಲ ಊದುವಾಗ ಕೆನ್ನೆ ನೋಯುತ್ತದೆ, ಎರಡನೆಯ ಸಲ ಸುಲಭ. ಇಂಧನವೂ ಎರಡನೆಯ ಎಳೆತಕ್ಕೆ ಮೆತ್ತಗಿರುತ್ತದೆ, ಏಕೆಂದರೆ ಬಿಟ್ಟ ಅಂಟು ಪೂರ್ತಿ ಕೂಡಿಕೊಂಡಿಲ್ಲ. ಸಾಗಿಸುವಾಗ ಬಿದ್ದ ಪೆಟ್ಟನ್ನೂ, ಒಂದು ಚಳಿಗಾಲವನ್ನೂ ಅದು ಒಳಗೇ ನೆನಪಿಟ್ಟುಕೊಂಡಿರುತ್ತದೆ.

ಅಂಟು ಬೇಗ ಬಿಡದಂತೆ ಏನು ಮಾಡಬಹುದು? ಗೋಡೆಗೆ ಬಣ್ಣ ಬಳಿಯುವ ಮುನ್ನ ಪ್ರೈಮರ್ ಹಚ್ಚುತ್ತಾರಲ್ಲ, ಹಾಗೆ ಹರಳುಗಳ ಮೈಗೆ ಗಟ್ಟಿ ಪದರವಾಗಿ ಕೂತು ರಬ್ಬರಿಗೂ ಗಂಟು ಹಾಕಿಕೊಳ್ಳುವ ರಾಸಾಯನಿಕಗಳಿವೆ. ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಬೆರೆಸಿದರೂ ಇಂಧನದ ಗುಣ ಬದಲಾಗುತ್ತದೆ. ಪ್ರಕೃತಿಯ ಸಹಾಯವೂ ಒಂದಿದೆ. ರಾಕೆಟ್ ಉರಿಯುವಾಗ ಒಳಗಿನ ಒತ್ತಡ ಎಲ್ಲ ಕಡೆಯಿಂದ ಅಮುಕಿ ಪೊಳ್ಳುಗಳನ್ನು ಹುಟ್ಟಗೊಡುವುದಿಲ್ಲ. ಅದರಿಂದ ಬಯಲಿನಲ್ಲಿ ಹರಿಯುವಷ್ಟು ಎಳೆತವನ್ನು ಅದೇ ಇಂಧನ ಒತ್ತಡದೊಳಗೆ ತಾಳಿಕೊಳ್ಳಬಹುದು.

ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಆದರೆ ಪಾಲಿಮರ್‌ಗೆ ಇನ್ನೊಂದು ಗುಣವಿದೆ: ಅದಕ್ಕೆ ಸಮಯ ಬೇಕು. ಅಣುಸರಪಳಿಗಳು ಒಂದರ ಪಕ್ಕ ಒಂದು ಜಾರಿ, ಬಿಚ್ಚಿ, ಹೊಸ ಭಂಗಿಗೆ ಬರಬೇಕು. ಮೆಲ್ಲಗೆ ಎಳೆದರೆ ಬಿಚ್ಚಿಕೊಳ್ಳುತ್ತವೆ. ಥಟ್ಟನೆ ಎಳೆದರೆ ಬಿಗಿಯಾಗಿ ನಿಲ್ಲುತ್ತವೆ. ಚಳಿಯಲ್ಲಿ ಅವುಗಳ ಚಲನೆ ನಿಧಾನ, ಬಿಸಿಯಲ್ಲಿ ಚುರುಕು. ಆದ್ದರಿಂದ ಥಟ್ಟನೆ ಎಳೆಯುವುದೂ ಚಳಿಯಲ್ಲಿ ಎಳೆಯುವುದೂ ಪಾಲಿಮರ್‌ನ ಪಾಲಿಗೆ ಹೆಚ್ಚುಕಡಿಮೆ ಒಂದೇ. ಈ ಹೊಂದಾಣಿಕೆಗೆ 1955ರಲ್ಲಿ ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರ್ರಿ ಎಂಬ ಮೂವರು ಒಂದು ಸೂತ್ರ ಕೊಟ್ಟರು. ಅದರಿಂದ ವರ್ಷಗಟ್ಟಲೆ ಕಾಯದೆಯೇ, ಬಿಸಿಯಲ್ಲಿ ಕೆಲವು ದಿನದ ಪರೀಕ್ಷೆ ಮಾಡಿ, ಇಂಧನ ವರ್ಷಗಳ ಕಾಲ ಜಗ್ಗುವುದನ್ನು ಅಂದಾಜು ಮಾಡಬಹುದು. ಎಲ್ಲಕ್ಕಿಂತ ಕಠಿಣ ಕ್ಷಣ ಯಾವುದೆಂದೂ ಊಹಿಸಬಹುದು: ತಣ್ಣಗಾಗಿ ಮೊದಲೇ ಬಿಗಿದುಕೊಂಡ ಇಂಧನಕ್ಕೆ ಥಟ್ಟನೆ ಕಿಡಿ ಹೊತ್ತಿಸುವ ಕ್ಷಣ.

ರಬ್ಬರಿಗೆ ಸಮಯ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು 1986ರ ಜನವರಿ 28ರಂದು. ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿ 73 ಸೆಕೆಂಡಿಗೆ ಛಿದ್ರವಾಗಿ ಏಳು ಮಂದಿ ಸತ್ತರು. ಅಂದು ಕೈಕೊಟ್ಟದ್ದು ಇಂಧನವಲ್ಲ. ಘನ ಇಂಧನದ ಕಂಬದ ಎರಡು ಭಾಗಗಳ ಕೀಲಿನಲ್ಲಿ ಬಿಸಿ ಅನಿಲ ಸೋರದಂತೆ ಇಟ್ಟಿದ್ದ ರಬ್ಬರಿನ ಬಳೆ. ಚಳಿಯ ಬೆಳಗು. ಕೀಲು ತುಸು ತೆರೆದುಕೊಂಡಾಗ ಬಳೆ ಕೂಡಲೇ ಹಿಗ್ಗಿ ಸಂದು ಮುಚ್ಚಬೇಕಿತ್ತು, ಮುಚ್ಚಲಿಲ್ಲ. ಭೌತವಿಜ್ಞಾನಿ ರಿಚರ್ಡ್ ಫೈನ್ಮನ್ ತನಿಖೆಯ ಸಭೆಯಲ್ಲಿ ಆ ರಬ್ಬರಿನ ತುಂಡನ್ನು ಹಿಡಿಕೆಯಲ್ಲಿ ಅಮುಕಿ ಐಸ್ ನೀರಿನ ಲೋಟದಲ್ಲಿಟ್ಟರು. ತೆಗೆದು ಬಿಚ್ಚಿದಾಗ ಅದು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಹಿಗ್ಗುವ ಶಕ್ತಿ ಇದ್ದರೆ ಸಾಲದು, ಬೇಕಾದ ಹೊತ್ತಿಗೆ ಹಿಗ್ಗಬೇಕು ಎಂಬುದಕ್ಕೆ ಅದು ಎಲ್ಲರಿಗೂ ಅರ್ಥವಾಗುವ ಪಾಠ.

ಒಂದು ಪ್ರಯೋಗವನ್ನು ನೀವೂ ಮಾಡಬಹುದು. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಅದರ ಅಂಚಿನಲ್ಲಿ ಬ್ಲೇಡಿನಿಂದ ಸಣ್ಣದಾಗಿ ಸೀಳಿ. ಚಿಕ್ಕವರು ಈ ಕೆಲಸವನ್ನು ಅಪ್ಪ-ಅಮ್ಮನಿಂದ ಮಾಡಿಸಿಕೊಳ್ಳಿ. ಪಟ್ಟಿಯನ್ನು ಮುಖದಿಂದ ದೂರ ಹಿಡಿದು ಮೆಲ್ಲಗೆ ಎಳೆಯಿರಿ. ಕಾಗದವಾಗಿದ್ದರೆ ಸೀಳು ಪರ್ರನೆ ಓಡುತ್ತಿತ್ತು. ರಬ್ಬರಿನಲ್ಲಿ ಓಡುವುದಿಲ್ಲ. ಸೀಳಿನ ಚೂಪು ತುದಿ ದುಂಡಗಾಗಿ ಬಾಯಿ ಅಗಲವಾಗುತ್ತದೆ. ಚೂಪು ತುದಿಯಲ್ಲಿ ಎಳೆತ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ದುಂಡಗಾದರೆ ಸುತ್ತಲಿಗೆ ಹಂಚಿಹೋಗುತ್ತದೆ. ರಾಕೆಟ್ ಇಂಧನದಲ್ಲೂ ಬಿರುಕಿನ ತುದಿ ಮೊದಲು ಹೀಗೆ ದುಂಡಗಾಗುತ್ತದೆ. ಅದರ ಮುಂದಿನ ಸಣ್ಣ ಜಾಗದಲ್ಲಿ ಪೊಳ್ಳುಗಳು ತುಂಬಿಕೊಂಡು, ರಬ್ಬರಿನ ಎಳೆಗಳು ಸೇತುವೆಯಂತೆ ನಿಲ್ಲುತ್ತವೆ. ಎಳೆಗಳು ಹರಿದಾಗ ಬಿರುಕು ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಚೂಪಾಗುತ್ತದೆ, ಮತ್ತೆ ದುಂಡಗಾಗಿ ನಿಲ್ಲುತ್ತದೆ. ಹೀಗೆ ನಿಂತು ನಿಂತು ಸಾಗುತ್ತದೆ. ಪ್ರತಿ ನಿಲುಗಡೆಯೂ ಎಂಜಿನಿಯರಿಗೆ ಸಿಕ್ಕ ಕಾಲಾವಕಾಶ.

ಹಾಗಾದರೆ ಇಂಧನ ಮೆತ್ತಗಾದಷ್ಟೂ ಒಳ್ಳೆಯದೆ? ಅಲ್ಲ. 1991ರ ಏಪ್ರಿಲ್ 1ರಂದು ಅಮೆರಿಕದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಟೈಟನ್-4 ರಾಕೆಟ್ಟಿನ ಹೊಸ ಘನ ಇಂಧನದ ಮೋಟಾರನ್ನು ನೆಲಕ್ಕೆ ಬಿಗಿದು ಉರಿಸಿ ನೋಡಿದರು. ಅದರಲ್ಲಿ 300 ಟನ್‌ಗೂ ಹೆಚ್ಚು ಇಂಧನವಿತ್ತು. ಎರಡು ಸೆಕೆಂಡು ಕಳೆಯುವುದರೊಳಗೆ ಮೋಟಾರು ಸಿಡಿಯಿತು. ಅದಕ್ಕೆ ಕಾರಣ ಬಿರುಕಲ್ಲ. ಮೋಟಾರು ಮೂರು ಭಾಗಗಳನ್ನು ಜೋಡಿಸಿ ಮಾಡಿದ್ದು. ನಡುವಿನ ರಂಧ್ರದಲ್ಲಿ ನುಗ್ಗಿದ ಬಿಸಿ ಅನಿಲದಿಂದ ಒಂದು ಕಡೆ ಒತ್ತಡ ಹೆಚ್ಚಾಗಿ, ಇನ್ನೊಂದು ಕಡೆ ಕಡಿಮೆಯಾಗಿ, ಭಾಗದ ಅಂಚಿನ ಇಂಧನ ರಂಧ್ರದೊಳಕ್ಕೆ ಬಾಗಿತು. ದಾರಿ ಕಿರಿದಾಯಿತು. ಕಿರಿದಾದಷ್ಟೂ ಹಿಂದಿನ ಒತ್ತಡ ಏರಿತು, ಏರಿದಷ್ಟೂ ಅಂಚು ಇನ್ನೂ ಬಾಗಿತು. ಕೊನೆಗೆ ಕವಚ ತಾಳಲಿಲ್ಲ. ಆಮೇಲೆ ಎಂಜಿನಿಯರುಗಳು ಆ ಅಂಚನ್ನು ಓರೆಯಾಗಿ ಸವರಿ ಆಕಾರ ತಿದ್ದಿದರು. 1992ರ ಪರೀಕ್ಷೆ ಯಶಸ್ವಿಯಾಯಿತು. ಪಾಕ ಎಳೆಯದಾದರೂ ಕಷ್ಟ, ಬಲಿತರೂ ಕಷ್ಟ ಎಂದ ಅಡುಗೆಮನೆಯ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ.

ನಮ್ಮಲ್ಲೂ ಇಂಧನ ತುಂಬಿದ ಭಾಗಗಳನ್ನು ಹಾಗೆಯೇ ಹಾರಿಸಿಬಿಡುವುದಿಲ್ಲ. ಬಲವಾದ ಎಕ್ಸ್-ಕಿರಣ ಹಾಯಿಸಿ, ಶಬ್ದಾತೀತ ಅಲೆಗಳನ್ನು ಕಳಿಸಿ, ಒಳಗೆ ಬಿರುಕು ಇದೆಯೆ, ಕವಚದಿಂದ ಎಲ್ಲಾದರೂ ಅಂಟು ಬಿಟ್ಟಿದೆಯೆ ಎಂದು ನೋಡುತ್ತಾರೆ. ಇಂಧನ ಸುರಿಯುವಾಗಲೇ ಅದೇ ಕಲಸಿನಿಂದ ಮಾದರಿ ತುಣುಕುಗಳನ್ನು ಎತ್ತಿಟ್ಟು ಎಳೆದು ಪರೀಕ್ಷಿಸುತ್ತಾರೆ. ಬಹುಕಾಲ ಸಂಗ್ರಹಿಸಿಡುವ ರಾಕೆಟ್ಟುಗಳಾದರೆ ವರ್ಷಗಳು ಕಳೆದಂತೆ ಮತ್ತೆ ಮತ್ತೆ ಈ ಪರೀಕ್ಷೆ. ಗಾಳಿಯ ಆಮ್ಲಜನಕ ಸೇರಿ ರಬ್ಬರು ವಯಸ್ಸಾದಂತೆ ಗಟ್ಟಿಯಾಗುತ್ತದೆ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಹಳೆಯ ರಬ್ಬರ್ ಬ್ಯಾಂಡು ಎಳೆದೊಡನೆ ತುಂಡಾಗುವುದನ್ನು ನೀವು ನೋಡಿಲ್ಲವೆ? ಮೊದಲು ನೂರಕ್ಕೆ 40ರಷ್ಟು ಹಿಗ್ಗುತ್ತಿದ್ದ ತುಣುಕು ಈಗ 20ಕ್ಕೇ ಹರಿದರೆ, ಹೊರಗಿನಿಂದ ಎಷ್ಟೇ ಹೊಸದಾಗಿ ಕಂಡರೂ ಆ ರಾಕೆಟ್ಟನ್ನು ನಂಬುವ ಹಾಗಿಲ್ಲ.

ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಕೊನೆಯಲ್ಲೊಂದು ಮಾತು. ಸ್ಟ್ರೆಸ್-ಸ್ಟ್ರೇನ್ ಗ್ರಾಫ್ ಬರೆಯುವಾಗ ನೇರ ಗೆರೆ ಎಲ್ಲಿ ಮುಗಿಯಿತು, ತುಂಡಾದ ಬಿಂದು ಎಲ್ಲಿದೆ ಎಂದು ಗುರುತಿಸಿ ಅಂಕ ಪಡೆಯುತ್ತೀರಿ. ನಡುವಿನ ಬಾಗನ್ನು ಪೆನ್ಸಿಲ್ ಹೇಗೆ ಹೋಯಿತೋ ಹಾಗೆ ಎಳೆದುಬಿಡುತ್ತೀರಿ. ಇನ್ನು ಮೇಲೆ ಅಲ್ಲಿ ಒಂದು ಗಳಿಗೆ ನಿಲ್ಲಿ. ರಾಕೆಟ್ ಇಂಧನದಲ್ಲಾದರೆ ಆ ಬಾಗಿನ ಒಂದೊಂದು ಬಿಂದುವಿನಲ್ಲೂ ಅಸಂಖ್ಯ ಹರಳುಗಳು ಅಂಟು ಬಿಡುತ್ತಿವೆ, ಉಳಿದ ರಬ್ಬರು ಅವುಗಳ ಪಾಲಿನ ಭಾರವನ್ನೂ ಹೊರುತ್ತಿದೆ. ತುಂಡಾಗುವ ಬಿಂದುವನ್ನು ಯಾರು ಬೇಕಾದರೂ ನೋಡಬಹುದು, ಸದ್ದೂ ಕೇಳುತ್ತದೆ. ಗಗನಯಾತ್ರಿಗಳ ಜೀವ ಉಳಿಸುವವರು ಸದ್ದಿಲ್ಲದ ಆ ಬಾಗನ್ನು ಓದಬಲ್ಲವರು.